ಕಲ್ಲಿನ ಮಾತಿಗೂ ವಿಚಾರಣೆ ಬೇಕು

ಹೊಯ್ಸಳರಿಗೆ ಸಳ ಎಂಬ ಮೂಲಪುರುಷ ಇದ್ದನೆನ್ನಲು ಆಧಾರ ಸಾಲದು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದದ್ದು ನಮ್ಮ ತಾಲ್ಲೂಕಿನ ಹಲವರನ್ನು ಕೆರಳಿಸಿದೆ. ‘ಬೇಲೂರಿನ ಶಾಸನದಲ್ಲೇ ಇದೆಯಲ್ಲ, ಕಲ್ಲಿನಲ್ಲಿ ಕೊರೆದದ್ದು ಸುಳ್ಳಾದೀತೇ?’ ಎಂಬುದು ಅವರ ಪ್ರಶ್ನೆ. ಆಗಬಹುದು. ಕಲ್ಲು ಅಕ್ಷರವನ್ನು ಕಾಯುತ್ತದೆ. ಬರೆಸಿದವನ ಮಾತಿಗೆ ಜಾಮೀನು ನಿಲ್ಲುವುದಿಲ್ಲ.

ಆ ಶಾಸನದ ಕಾಲ 1117. ಹೊಯ್ಸಳ ಅರಸ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಬೆನ್ನಿಗೇ ಬೇಲೂರಿನಲ್ಲಿ ಆದ ದೇವರ ಪ್ರತಿಷ್ಠೆಯ ಶಾಸನ ಅದು. ಆ ಪ್ರತಿಷ್ಠೆಗೆ, ಬಿಟ್ಟ ದತ್ತಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಎಲ್ಲವೂ ಬರೆಸಿದವರ ಕಣ್ಣೆದುರು ನಡೆದದ್ದು. ಸಳನ ಸಂಗತಿ ಹಾಗಲ್ಲ. ಈ ಮನೆತನದ ಮೊದಲ ಸುಳಿವು ಸಿಗುವುದು ಸುಮಾರು 950ರಲ್ಲಿ. ಅಲ್ಲಿರುವ ಹೆಸರುಗಳು ಅರಕೆಲ್ಲ, ಮಾರುಗ, ಸಳನಿಲ್ಲ. ಒಂದೂವರೆ ಶತಮಾನ ಕಳೆದು, ಹುಲಿ ಲಾಂಛನದ ಚೋಳರು ಸೋತ ಮೇಲೆ, ಹುಲಿ ಕೊಂದ ಸಳನೆಂಬ ಹಿರಿಯನ ಕಥೆ ಆಸ್ಥಾನಕ್ಕೆ ಬೇಕಾಯಿತೆಂದು ಇತಿಹಾಸಕಾರರು ಊಹಿಸಿದರೆ ಅದರಲ್ಲಿ ಅಪಚಾರವೇನು?

ಅದೇ ಅರಸರು ಯದುವಂಶದವರೆಂದು ಹೇಳಿಕೊಂಡೂ ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಬಿಡಲಿಲ್ಲ. ಮಲೆಯ ನಾಯಕರಲ್ಲಿ ಗಂಡುಗಲಿ ಎನ್ನುವ ಈ ಬಿರುದು ಯಾವ ದೊಡ್ಡ ವಂಶವನ್ನೂ ಸಾಧಿಸಲು ಹೊರಟದ್ದಲ್ಲ. ಅದಕ್ಕೇ ನಾನು ಅದನ್ನು ವಂಶಾವಳಿಗಿಂತ ಹೆಚ್ಚು ನಂಬುತ್ತೇನೆ. ಹೊಯ್ಸಳರು ನಮ್ಮ ಬೆಟ್ಟಗಳಿಂದ ಎದ್ದವರೆಂಬುದಕ್ಕೆ ಆ ಬಿರುದಿದೆ, ಅವರ ಮೂಲ ನೆಲೆ ಸೊಸೆವೂರು ಎಂದು ಗುರುತಿಸಲಾದ ಅಂಗಡಿ ಗ್ರಾಮದ ಬಸದಿಗಳೂ ಶಾಸನಗಳೂ ಇವೆ. ಸಳನನ್ನು ಅನುಮಾನಿಸಿದರೆ ಅಂಗಡಿಯ ಮಾನ ಹೋಗುವುದಿಲ್ಲ.

ನನ್ನ ಸಿಟ್ಟು ಸ್ಮರಣ ಸಂಚಿಕೆಗಳ ಮೇಲೆ. ಒಂದರಲ್ಲಿ ಬಂದದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ, ಮೂರನೆಯದು ಎರಡನ್ನೂ ಆಧಾರವೆಂದು ತೋರಿಸುತ್ತದೆ. ಹತ್ತು ಪುಸ್ತಕ ಒಂದನ್ನೇ ನಕಲು ಮಾಡಿದ್ದರೆ ಸಾಕ್ಷಿ ಒಂದೇ. ಬಾಬಾಬುಡನ್ ತಂದ ಏಳು ಕಾಫಿ ಬೀಜಕ್ಕೆ 1670 ಎಂಬ ಇಸವಿ ಅಂಟಿಕೊಂಡಿರುವುದೂ ಹೀಗೆಯೇ. ಅದು ಯಾವ ಸಮಕಾಲೀನ ದಾಖಲೆಯದೆಂದು ಕೇಳುವವರೇ ಇಲ್ಲ. ಮೂಡಿಗೆರೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ತೆರೆದು ನೋಡಲು ಏನು ಅಡ್ಡಿ?

ಈ ಸಂಚಿಕೆ ಮಲೆನಾಡಿನ ಶಾಸನಗಳಿಗೆ ಮೀಸಲು. ಮುಂದೆ ಬರೆಯುವವರು ‘ಶಾಸನದಲ್ಲಿದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಯಾವ ಊರಿನದು, ಬರೆಸಿದವರು ಯಾರು, ಹೇಳುವ ಘಟನೆಗೂ ಕಲ್ಲಿಗೂ ಎಷ್ಟು ವರ್ಷದ ಅಂತರ ಎಂಬುದನ್ನು ಕೊಡಬೇಕು. ಕೊಡದ ಲೇಖನ, ಬರೆದವರು ಎಷ್ಟೇ ದೊಡ್ಡವರಾಗಿರಲಿ, ಇಲ್ಲಿ ಅಚ್ಚಾಗುವುದಿಲ್ಲ.

— ಸಂಪಾದಕ, ಬಣಕಲ್