ಏಳು ವರ್ಷ ದಾಟಿದ ಗಾಡಿ

ಸಂಜೆ ಕೆಲಸ ಮುಗಿಸಿ, ಕೀ ತೆಗೆದು ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೆ ರಾತ್ರಿ ತಾನಾಗಿ ಬೆಂಕಿ ಹತ್ತಿದರೆ ಅನುಮಾನ ಮೊದಲು ಬೀಳುವುದು ಮನುಷ್ಯರ ಮೇಲೆ. ಯಾರೋ ಬೀಡಿ ಎಸೆದಿರಬೇಕು, ಡ್ರೈವರ್ ಏನೋ ಮಾಡಿರಬೇಕು ಎನ್ನುತ್ತಾರೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಗಾಡಿಗಳು ಹೀಗೆ ನಿಂತಲ್ಲೇ ಉರಿದಾಗ ಕಾರಣ ಸಿಕ್ಕಿದ್ದು ಬ್ರೇಕಿಗೆ ಜೋಡಿಸಿದ್ದ ಒಂದು ಸಣ್ಣ ಸ್ವಿಚ್ಚಿನಲ್ಲಿ.

ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲನ್ನು ನಿಲ್ಲಿಸುವುದು ಅದರ ಕೆಲಸ. ಒಂದು ಬದಿಗೆ ಬ್ರೇಕ್ ಆಯಿಲ್, ಇನ್ನೊಂದು ಬದಿಗೆ ಕರೆಂಟು, ನಡುವೆ ತೆಳ್ಳನೆಯ ಪೊರೆ. ವರ್ಷಗಟ್ಟಲೆ ಒತ್ತಿಸಿಕೊಂಡು ಪೊರೆ ಬಿರುಕು ಬಿಟ್ಟಿತು, ಆಯಿಲ್ ಒಳಗೆ ಜಿನುಗಿತು, ಲೋಹ ತುಕ್ಕು ಹಿಡಿಯಿತು. ಕೀ ತೆಗೆದರೂ ಬ್ಯಾಟರಿಯ ಕರೆಂಟು ಸ್ವಿಚ್ಚಿಗೆ ಬರುತ್ತಲೇ ಇತ್ತು. ಅದು ಬಿಸಿಯೇರಿ ಹೊತ್ತಿಕೊಂಡಿತು. 1999ರಲ್ಲಿ ಸುಮಾರು 2.79 ಲಕ್ಷ ಕಾರುಗಳಿಂದ ಶುರುವಾದ ರೀಕಾಲ್ 2009ರ ಹೊತ್ತಿಗೆ 1.4 ಕೋಟಿ ವಾಹನಗಳನ್ನು ದಾಟಿತು. ಅವುಗಳಲ್ಲಿ ಎಫ್-250ರಿಂದ ಎಫ್-550ರವರೆಗಿನ ಟ್ರಕ್ಕುಗಳೂ ಇದ್ದವು. ವಿದ್ಯುತ್ ಲೈನಿನ ಕೆಲಸಕ್ಕೆ ಬಕೆಟ್ ಹೊತ್ತು ಹೋಗುವ ಗಾಡಿಗಳನ್ನು ಇಂಥ ಚಾಸಿಗಳ ಮೇಲೇ ಕಟ್ಟುತ್ತಾರೆ. ರಿಪೇರಿಯಾದರೂ ಏನು? ನಡುವೆ ಫ್ಯೂಸ್ ಇರುವ ಒಂದು ತುಂಡು ವೈರು!

2009ರ ಸುತ್ತಿನಲ್ಲಿ 1992ರ ಮಾಡೆಲ್ ವ್ಯಾನುಗಳೂ ಇದ್ದವೆಂಬುದನ್ನು ಮರೆಯಬಾರದು. ಹದಿನೇಳು ವರ್ಷ ಹಳೆಯವು. ಈ ದೋಷದ ಸ್ವಭಾವವೇ ಹಾಗೆ. ಷೋರೂಮಿನಿಂದ ಹೊರಟ ದಿನ ಕಾಣಿಸುವುದಿಲ್ಲ, ಗಾಡಿ ದುಡಿದು ಸವೆದ ಮೇಲೆ ಮುಖ ತೋರಿಸುತ್ತದೆ.

ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಸೆಕ್ಷನ್ ತಂದು, ದೋಷವಿರುವ ವಾಹನವನ್ನು ವಾಪಸ್ ಕರೆಸಿಕೊಳ್ಳಿ ಎಂದು ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಒಳ್ಳೆಯ ಕಾನೂನು, ತಡವಾಗಿ ಬಂದರೂ. ಆದರೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಅದನ್ನು ಏಳು ವರ್ಷದೊಳಗಿನ ವಾಹನಗಳಿಗೆ ಕಟ್ಟಿಹಾಕಿದವು. ಸ್ವಂತ ಕಾರಿನವರಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ; ಅನೇಕರು ಅಷ್ಟರಲ್ಲಿ ಕಾರು ಬದಲಿಸಿರುತ್ತಾರೆ. ಬೀದಿದೀಪದ ಏಣಿ ಗಾಡಿ, ನೀರಿನ ಟ್ಯಾಂಕರ್, ಕಸದ ಲಾರಿಗಳ ಕತೆ ಬೇರೆ. ಸರ್ಕಾರಿ ವಾಹನಗಳ ನೋಂದಣಿಯನ್ನು 15 ವರ್ಷದ ನಂತರ ನವೀಕರಿಸಬಾರದು ಎಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂತು. ಅಂದರೆ 15 ವರ್ಷ ಓಡಿಸಲು ಅನುಮತಿ ಇದೆ, ಕಡ್ಡಾಯ ರೀಕಾಲಿನ ರಕ್ಷಣೆ ಮಾತ್ರ ಏಳಕ್ಕೇ ಮುಗಿಯುತ್ತದೆ. ಉಳಿದ ಎಂಟು ವರ್ಷ ಆ ಕ್ಯಾಬಿನ್ನಿನಲ್ಲಿ ಕೂರುವವನ ಪಾಡು ಯಾರ ಲೆಕ್ಕಕ್ಕೆ?

ಕಂಪನಿಗಳಿಗೂ ಹೇಳುವುದಿದೆ. ಚಾಸಿ ನಮ್ಮದು, ಮೇಲಿನ ಬಕೆಟ್ ಇನ್ನೊಬ್ಬರದು, ಹೆಚ್ಚಿನ ದೀಪ-ಹಾರ್ನಿನ ವೈರಿಂಗ್ ಯಾವುದೋ ಗ್ಯಾರೇಜಿನದು. ಹತ್ತು ವರ್ಷದ ಮೇಲೆ ಬೆಂಕಿ ಬಿದ್ದರೆ ನಾವೇ ಹೊಣೆಯೇ ಎನ್ನಬಹುದು. ಗ್ಯಾರೇಜಿನ ವೈರಿಂಗಿಗೆ ಕಂಪನಿ ಹೊಣೆಯಲ್ಲ, ನಿಜ. ಆದರೆ ಫ್ಯಾಕ್ಟರಿಯಿಂದಲೇ ಬಂದ ದೋಷ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಬೇರ್ಪಡಿಸುವುದು ಪರೀಕ್ಷಕರ ಕೆಲಸ. ಅದನ್ನು ವಯಸ್ಸಿನ ಗೆರೆ ಎಳೆದು ತಪ್ಪಿಸಿಕೊಳ್ಳಲಾಗದು. ಅಮೆರಿಕದಲ್ಲೂ ಉಚಿತ ರಿಪೇರಿಗೆ ಮಿತಿಯಿದೆ. ಅಲ್ಲಿ ಅದು ಹತ್ತು ವರ್ಷವಿದ್ದದ್ದನ್ನು 2015ರಲ್ಲಿ 15ಕ್ಕೆ ಏರಿಸಿದರು. ನಮ್ಮ ಮಿತಿಯೂ ಕನಿಷ್ಠ ಅಷ್ಟಕ್ಕೆ ಏರಬೇಕು.

ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ರೀಕಾಲಿನ ಪತ್ರ ಹೋಗುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ, ಅಂದರೆ ಒಂದು ಇಲಾಖೆಗೋ ಗುತ್ತಿಗೆದಾರನಿಗೋ. ಓಡಿಸುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮುಟ್ಟಿದರೂ, ಕೆಲಸದ ಗಾಡಿಯನ್ನು ಒಂದು ದಿನ ವರ್ಕ್‌ಶಾಪಿನಲ್ಲಿ ಬಿಟ್ಟರೆ ಆ ದಿನದ ಬಿಲ್ ಹೋಗುತ್ತದೆ. ಆದರೆ ಎಂಥ ಗಾಡಿಯೂ ಎಫ್‌ಸಿಗೆ ಹೋಗಲೇಬೇಕು. ಬಾಡಿಗೆ ಗಾಡಿ, ಸರಕು ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಹಳೆಯ ಗಾಡಿಯನ್ನು ಹೆಚ್ಚು ನೋಡಬೇಕೆಂದು ಸರ್ಕಾರ ಇಲ್ಲಿ ತಾನೇ ಒಪ್ಪಿಕೊಂಡಂತಾಯಿತು. ಅದೇ ಕೌಂಟರಿನಲ್ಲಿ ಚಾಸಿ ನಂಬರ್ ಒತ್ತಿ, ರೀಕಾಲ್ ಬಾಕಿಯಿದ್ದರೆ ಅದು ಮುಗಿಯುವವರೆಗೆ ಎಫ್‌ಸಿ ತಡೆಹಿಡಿಯಲಿ. ಆಗ ಗಾಡಿಯನ್ನು ವರ್ಕ್‌ಶಾಪಿಗೆ ಕಳಿಸುವ ಆತುರ ಡ್ರೈವರಿಗಿಂತ ಗುತ್ತಿಗೆದಾರನಿಗೇ ಹೆಚ್ಚಿರುತ್ತದೆ.