ಐದಕ್ಕೆ ಏಳಿ ಅನ್ನೋರಿಗೆ ಒಂದು ಪಾಟೀಸವಾಲು

"ಮನಸ್ಸಿದ್ದರೆ ಮಾರ್ಗ, ಬೆಳಿಗ್ಗೆ ಐದಕ್ಕೆ ಎದ್ದು ಓಡಿ" ಅನ್ನೋ ಉಪದೇಶ ಕೇಳಿ ಕೇಳಿ ಸಾಕಾಗಿದೆ ಸ್ವಾಮಿ. ಲಾ ಓದೋರು ಸೋಮಾರಿಗಳು, ಅದಕ್ಕೇ ಇಪ್ಪತ್ತೆರಡಕ್ಕೇ ಬೆನ್ನುನೋವು ಅಂತ ತೀರ್ಪೂ ಕೊಟ್ಟಾಗಿದೆ. ಎದುರು ಪಕ್ಷದ ಮಾತು ಕೇಳದೆ ತೀರ್ಪು ಕೊಡಬಾರದು ಅನ್ನೋದು ಕಾನೂನಿನ ಮೊದಲ ಪಾಠ. ಹಾಗಾಗಿ ನಮ್ಮ ವಾದವನ್ನೂ ಸ್ವಲ್ಪ ಕೇಳಿ.

ನಾನು ಗುಬ್ಬಿಯಿಂದ ತುಮಕೂರಿಗೆ ದಿನಾ ಓಡಾಡೋ ಲಾ ವಿದ್ಯಾರ್ಥಿನಿ. 20 ಕಿ.ಮೀ. ಆಸುಪಾಸು. ಪಕ್ಕದಲ್ಲಿ ಕೂರೋ ಗೆಳತಿ ಕುಣಿಗಲ್‌ನವಳು, ಅವಳ ದಾರಿ ಹೆಚ್ಚುಕಮ್ಮಿ ಇದರ ಎರಡರಷ್ಟು. ಕುಣಿಗಲ್‌ಗೆ ರೈಲು ಬಂದಿದೆ ನಿಜ, ಆದರೆ ಅದು ಬೆಂಗಳೂರು-ಹಾಸನ ಮಾರ್ಗ. ತುಮಕೂರಿಗೆ ಬಸ್ಸೇ ಗತಿ. ಅವಳು ಐದಕ್ಕೆ ಏಳೋದಿಲ್ವಾ? ಏಳ್ತಾಳೆ, ಮನೆಗೆಲಸ ಮುಗಿಸಿ ಬಸ್ ಹಿಡಿಯೋಕೆ! ಅದಕ್ಕೂ ಮುಂಚೆ ಕತ್ತಲಲ್ಲಿ, ಬೀದಿನಾಯಿಗಳ ನಡುವೆ, ಒಬ್ಬಳೇ ಓಡಬೇಕಾ?

ಈಗ ಲೆಕ್ಕ ನೋಡಿ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮದಲ್ಲಿ ವಾರಕ್ಕೆ ಕನಿಷ್ಠ 30 ಗಂಟೆ ತರಗತಿ, ಮೂಟ್ ಕೋರ್ಟ್ ಅದರೊಳಗೇ. ಬಸ್ಸಿಗೆ ಕಾಯೋದೂ ಸೇರಿ ಗೆಳತಿಯ ಪ್ರಯಾಣ ದಿನಕ್ಕೆ ಮೂರು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ. ಅಂದರೆ ಎರಡೂವರೆ ಗಂಟೆ. ಅವಳು ಒಂದು ದಿನ ಬಸ್ಸಿಗೆ ಕೊಡೋದಕ್ಕಿಂತ ಕಮ್ಮಿ!

ಆ ಹೊತ್ತು ಬೆಳಿಗ್ಗೆ ಇಲ್ಲ, ರಾತ್ರಿ ಇಲ್ಲ. ಮಧ್ಯಾಹ್ನ ಇದೆ. ಮೇಷ್ಟ್ರು ಬಾರದ ಪೀರಿಯಡ್ಡು, ಊಟದ ಬಿಡುವು. ಆದರೆ ಆಗ ಏನಂತಾರೆ? "ಗೇಟ್ ದಾಟಬೇಡಿ, ಸುಮ್ಮನೆ ಕೂತು ಓದಿಕೊಳ್ಳಿ." ಕಾಲೇಜಿನ ಹೆಸರು ಬೇಡ ಬಿಡಿ. ವರ್ಷಕ್ಕೊಂದು ದಿನ ಕ್ರೀಡಾಕೂಟ ಮಾಡಿ ಫೋಟೋ ತೆಗೆಸಿಕೊಂಡರೆ ಮುಗೀತು.

"ವಕೀಲರಿಗೆ ಬಾಯಿ ಸಾಕು, ಮೈ ಯಾಕೆ?" ಅಂತ ಹಿರಿಯರೊಬ್ಬರು ನಕ್ಕಿದ್ದರು. ಕೋರ್ಟಲ್ಲಿ ಕೂತುಕೊಂಡು ವಾದ ಮಾಡೋಕೆ ಬಿಡ್ತಾರಾ ಸಾರ್? ಕರಿಕೋಟು ಹಾಕಿಕೊಂಡು, ಫೈಲು ಹೊತ್ತುಕೊಂಡು ದಿನವಿಡೀ ನಿಲ್ಲೋ ಕಸುಬು ಇದು. ಕುಣಿಗಲ್ ಹೆಸರಾಗಿದ್ದೇ ಕುದುರೆ ಫಾರಂನಿಂದ, ಟಿಪ್ಪು ಕಾಲದಿಂದಲೂ. ಲಾಯದಲ್ಲಿ ಕಟ್ಟಿಹಾಕಿ ಓಟದ ಕುದುರೆ ತಯಾರು ಮಾಡಿದ್ದನ್ನ ಯಾರಾದರೂ ಕಂಡಿದ್ದೀರಾ? ಕುದುರೆಗೆ ಗೊತ್ತುಮಾಡಿದ ಹೊತ್ತಿದೆ, ಅದೇ ಊರಿನ ಹುಡುಗಿಗಿಲ್ಲ.

ನಾವು ಕೇಳೋದು ಜಿಮ್ ಅಲ್ಲ. ವೇಳಾಪಟ್ಟಿಯಲ್ಲಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ಅಷ್ಟೇ. ಅಂಗಳವೋ ಖಾಲಿ ಕೊಠಡಿಯೋ ಬಿಟ್ಟುಕೊಡಿ. ಓದು ಹಾಳಾಗುತ್ತೆ ಅನ್ನೋ ಭಯವೂ ಬೇಡ. ಬಸ್ ಸ್ಟ್ಯಾಂಡಿನಿಂದ ಆಟೋ ಬಿಟ್ಟು ನಾವಿಬ್ಬರೂ ನಡೆಯೋಕೆ ಶುರುಮಾಡಿದ್ದೀವಿ. 2024ರ ಜುಲೈ 1ರಿಂದ ಐಪಿಸಿ ಬದಲು ನ್ಯಾಯ ಸಂಹಿತೆ ಬಂತಲ್ಲ, ಹಳೇ ನಂಬರು ಅವಳು ಹೇಳ್ತಾಳೆ, ಹೊಸದು ನಾನು. "302?" "103!" ಕೂತು ಉರು ಹೊಡೆದಿದ್ದಕ್ಕಿಂತ ಚೆನ್ನಾಗಿ ತಲೆಯಲ್ಲಿ ನಿಂತಿದೆ.

ಆದರೆ ಈ ನಡಿಗೆ ಹತ್ತು ನಿಮಿಷದ್ದು. ಉಳಿದ ಇಪ್ಪತ್ತು ನಿಮಿಷ ಕೊಡಬೇಕಾದವರು ವೇಳಾಪಟ್ಟಿ ಬರೆಯೋರು. ಅದನ್ನ ಕೊಟ್ಟ ಮೇಲೂ ನಾವು ಕದಲದಿದ್ದರೆ ಆಗ ಸೋಮಾರಿಗಳು ಅನ್ನಿ, ಒಪ್ಕೋತೀವಿ. ಅಲ್ಲಿವರೆಗೆ ಐದು ಗಂಟೆಯ ಉಪದೇಶ ವಜಾ. ಏನಂತೀರಿ?