ಹಿಮ ಕರಗಿದರೆ ನೆಲವೇಕೆ ನಡುಗಬೇಕು?

ಕಳೆದ ಭಾನುವಾರ ನಮ್ಮಲ್ಲಿಗೆ ಬಂದಿದ್ದ ನೆಂಟರ ಹುಡುಗಿ, ಏಳನೆಯ ತರಗತಿಯವಳು, ಕೇಳಿದಳು: “ದೊಡ್ಡಪ್ಪ, ಹಿಮ ಕರಗಿದರೆ ಸಮುದ್ರ ಏರುತ್ತದೆ, ಅದು ಗೊತ್ತು. ಭೂಕಂಪವೂ ಆಗುತ್ತದಂತೆ, ಹೌದೆ? ನಮ್ಮ ಗೋರೆಗಾಂವಿಗೂ ಬರುತ್ತದೆಯೆ?” ಹದಿನಾರನೆಯ ಮಾಳಿಗೆಯಲ್ಲಿ ಮಲಗಿ ಏಳುವ ಮಗು ಅದು. ನಕ್ಕು ತಳ್ಳಿಹಾಕಲು ಮನಸ್ಸಾಗಲಿಲ್ಲ.

ಅಡುಗೆಮನೆಯಿಂದ ಎರಡು ಮಣೆ ತರಿಸಿದೆ. ಒಂದರ ಮೇಲೊಂದಿಟ್ಟು, ಊರಿನಿಂದ ತಂದು ಇಂದಿಗೂ ಬಿಸಾಡಲಾರದೆ ಇಟ್ಟುಕೊಂಡಿರುವ ರುಬ್ಬುವ ಗುಂಡನ್ನು ಮೇಲೆ ಹೇರಿ, “ಮೇಲಿನ ಮಣೆಯನ್ನು ಪಕ್ಕದಿಂದ ನೂಕು” ಎಂದೆ. ಅಲುಗಲಿಲ್ಲ. ಅವಳು ನೂಕುತ್ತಿರುವಾಗಲೇ ಗುಂಡನ್ನೆತ್ತಿದೆ. ಮಣೆ ಜರ್ರನೆ ಜಾರಿತು. (ಮನೆಯಾಕೆ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.)

ನೆಲದೊಳಗಿನ ಬಂಡೆಯಲ್ಲಿಯೂ ಇಂತಹ ಹಳೆಯ ಸೀಳುಗಳುಂಟು. ಸ್ತರಭಂಗವೆಂದು ಅವಕ್ಕೆ ಶಾಸ್ತ್ರದ ಹೆಸರು. ಪಕ್ಕದಿಂದ ನೂಕುವ ಬಲ ಅಲ್ಲಿ ಸಹಸ್ರಾರು ವರ್ಷಗಳಿಂದ ಕೂಡಿಕೊಂಡಿರುತ್ತದೆ. ಕಳೆದ ಹಿಮಯುಗದಲ್ಲಿ ಸ್ವೀಡನ್ ದೇಶದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮವು ಗುಂಡುಕಲ್ಲಿನಂತೆ ಕುಳಿತಿತ್ತು. ಸುಮಾರು 10,000 ವರ್ಷಗಳ ಹಿಂದೆ ಅದು ಕರಗಿ ಭಾರವಿಳಿದ ಕಾಲಕ್ಕೆ, ಉತ್ತರದ ಪಾರ್ವಿ ಎಂಬಲ್ಲಿ 150 ಕಿ.ಮೀ.ಗೂ ಉದ್ದದ ಸೀಳು ಜಾರಿತು. ಆ ಭೂಕಂಪದ ಪ್ರಮಾಣ 8ರ ಸಮೀಪವಿದ್ದಿರಬೇಕೆಂದು ಭೂವಿಜ್ಞಾನಿಗಳ ಎಣಿಕೆ. ನೆಲ ಮೆಟ್ಟಿಲಿನಂತೆ ಎದ್ದು ನಿಂತ ಗುರುತು ಇಂದಿಗೂ ಅಲ್ಲಿದೆ. ಗ್ರೀನ್‌ಲ್ಯಾಂಡಿನ ಹಿಮವಿಳಿದರೆ ಅಲ್ಲಿನ ಸೀಳುಗಳೂ ಹೀಗೆ ಎಚ್ಚರಗೊಳ್ಳಬಹುದು. ಆದರೆ ಆ ನಡುಕ ಅಲ್ಲಿನದು, ಗೋರೆಗಾಂವಿನದಲ್ಲ.

“ಹಾಗಾದರೆ ನಮಗೇನೂ ಇಲ್ಲ” ಎಂದು ಹುಡುಗಿ ಎದ್ದಳು. ಕೂರಿಸಿಕೊಂಡೆ. ಏಕೆಂದರೆ ಮಣೆ ಜಾರಿಸುವ ಇನ್ನೊಂದು ಉಪಾಯವನ್ನು ನಾವೇ ಮಾಡಿದ್ದುಂಟು.

1967ರ ಡಿಸೆಂಬರ್ 11. ಬೆಳಗಿನ ಜಾವ ನಾಲ್ಕೂ ಕಾಲು ದಾಟಿತ್ತು. ನಾನಾಗ ಚಿಕ್ಕವನು. ಹೋಟೆಲಿನ ಕೆಲಸಕ್ಕೆ ಹೊರಡಲು ತಂದೆಯವರು ಎದ್ದಿದ್ದರು. ನಮ್ಮ ಚಾಳಿನ ಕೋಣೆಯ ಮೇಲು ಹಲಗೆಯಿಂದ ಸ್ಟೀಲಿನ ಲೋಟಗಳು ಒಂದೊಂದಾಗಿ ನೆಲಕ್ಕುರುಳಿದವು. ಗೂಡ್ಸ್ ಗಾಡಿ ಹೋಯಿತೆಂದುಕೊಂಡರು ತಾಯಿಯವರು. ನಡುಗಿದ್ದು 200 ಕಿ.ಮೀ.ಗೂ ಆಚೆಯ ಕೊಯ್ನಾ. ಪ್ರಮಾಣ 6.3. ಕೊಯ್ನಾನಗರದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಸುಮಾರು 180 ಮಂದಿ ತೀರಿಕೊಂಡರು. ಅಲ್ಲಿಂದ ಬರುವ ವಿದ್ಯುತ್ತು ನಿಂತು ಮುಂಬಯಿಯ ಕಾರ್ಖಾನೆಗಳಿಗೂ ಬಿಸಿ ತಟ್ಟಿತು.

ಅದಕ್ಕೆ ಮುಂಚೆ ದಖ್ಖನಿನ ಈ ನೆಲವನ್ನು ಕದಲದ ನೆಲವೆಂದೇ ಬಗೆದಿದ್ದರು. 1962ರಿಂದ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿತು. ಸಣ್ಣ ಅದುರುಗಳೂ ತೊಡಗಿದವು. ಸ್ವೀಡನ್ನಿನಲ್ಲಿ ಭಾರವಿಳಿಯಿತು, ಇಲ್ಲಿ ಭಾರವೇರಿತು; ಹಾಗಿದ್ದೂ ಫಲ ಒಂದೇ ಆದದ್ದು ಹೇಗೆ? ಸರೋವರದ ಭಾರವೂ ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ನೀರು ಬಂಡೆಯ ಸಂದುಗಳಲ್ಲಿ ಆಳಕ್ಕಿಳಿದು, ಸೀಳಿನ ಎರಡು ಮೈಗಳ ನಡುವೆ ಒತ್ತಡವೇರಿಸಿ, ಹಿಡಿತವನ್ನು ಸಡಿಲಿಸಿತು. ಎಣ್ಣೆ ಹಚ್ಚಿದಂತೆ ಎಂದು ಕೆಲವರು ಹೇಳುವುದುಂಟು. ಅದು ಸರಿಯಾದ ಹೋಲಿಕೆಯಲ್ಲ. ಎರಡು ಮಣೆಗಳ ನಡುವೆ ಗಾಳಿಚೀಲವಿಟ್ಟು ಊದಿ, ಮೇಲಿನದನ್ನು ತುಸು ಹಗುರ ಮಾಡಿದಂತೆ ಎನ್ನಬೇಕು. ನೂಕುವ ಬಲವೇನೋ ಮೊದಲೇ ಅಲ್ಲಿತ್ತು. ನೀರು ಅದಕ್ಕೆ ನೆಪವಾಯಿತು.

ಕೊಯ್ನಾ ಇಂದಿಗೂ ಸುಮ್ಮನಾಗಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೊಮ್ಮೆ, ಬೇಸಗೆಗೆ ನೀರಿಳಿಯುವಾಗಲೊಮ್ಮೆ ಅದುರುಗಳು ಹೆಚ್ಚುತ್ತವೆ. ವಾರಣಾ ಜಲಾಶಯ ತುಂಬಿದ ಮೇಲೆ ಅತ್ತಲೂ ಹರಡಿದವು. ಇದನ್ನು ಬಲ್ಲಂತೆ ಅರಿಯಲು ವಿಜ್ಞಾನಿಗಳು 2017ರಲ್ಲಿ ಅಲ್ಲಿ 3 ಕಿ.ಮೀ. ಆಳದ ಕೊಳವೆ ಕೊರೆದರು. ಭೂಕಂಪ ಹುಟ್ಟುವ ಜಾಗದ ಹತ್ತಿರವೇ ಉಪಕರಣವಿಟ್ಟು ಕಿವಿಗೊಡುವ ಪ್ರಯತ್ನವದು. ನಾಡಿ ನೋಡಲು ಕೈಯನ್ನೇ ಹಿಡಿಯಬೇಕಷ್ಟೆ.

ಹುಡುಗಿ ಮಣೆಗಳನ್ನು ಒಳಗಿಟ್ಟು ಬಂದು, “ಅಜ್ಜಿಗೆ ಹೆದರಿಕೆಯಾಗಲಿಲ್ಲವೆ?” ಎಂದಳು. ಹೆದರಿಕೆಯೋ ಏನೋ, ತಾಯಿಯವರು ಹೇಳಿದ್ದಿಲ್ಲ. ಆದರೆ ಇರುವ ತನಕ ಪ್ರತಿ ವರ್ಷ, ಕೊಯ್ನಾ ತುಂಬಿತೆಂದು ಪತ್ರಿಕೆಯಲ್ಲಿ ಬಂದ ದಿನ, ಲೋಟಗಳನ್ನು ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಇಳಿಸುತ್ತಿದ್ದರು.